ಎಲ್ಲಿ, ಕಲ್ಲು ತೋರಿಸಿ!

ಕಾಯಿಲೆಯವರಲ್ಲಿ ನಾನಾ ಪಂಗಡ. ಸಕ್ಕರೆ ಕಾಯಿಲೆಯವರು ಅಂಕಿ ಹೇಳುತ್ತಾರೆ. ಬಿ.ಪಿ.ಯವರು ಮಾತ್ರೆಯ ಹೆಸರು ಹೇಳುತ್ತಾರೆ. ಮಂಡಿನೋವಿನವರು ಯಾರ ಮನೆಗೆ ಎಷ್ಟು ಮೆಟ್ಟಿಲೆಂದು ಹೇಳುತ್ತಾರೆ. ಕಲ್ಲಿನವರು ಮಾತ್ರ ಬರೀ ಹೇಳಿ ಬಿಡುವವರಲ್ಲ, ತೋರಿಸುವವರು. ಗಮನಿಸಿದ್ದೀರಾ? ಅಪೆಂಡಿಕ್ಸ್ ತೆಗೆಸಿಕೊಂಡವನು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವುದಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡವರು ಅದನ್ನು ಕೇಳಿ ಇಸಿದುಕೊಂಡು ಬಂದದ್ದನ್ನು ನಾನಂತೂ ಕಂಡಿಲ್ಲ. ಮೂತ್ರಪಿಂಡದ ಕಲ್ಲಿಗೆ ಅದೇನು ಭಾಗ್ಯವೋ, ಅದು ಮನೆಗೆ ಬರುತ್ತದೆ, ಡಬ್ಬಿ ಸೇರುತ್ತದೆ, ನೆಂಟರಿಷ್ಟರ ಮುಂದೆ ಹೊರಗೆ ಬರುತ್ತದೆ.

ನನ್ನ ಷಡ್ಡಕರದು ನಶ್ಯದ ಡಬ್ಬಿ. ನಶ್ಯ ಬಿಟ್ಟು ಎಷ್ಟೋ ಕಾಲವಾಯಿತು, ಡಬ್ಬಿ ಬಿಡಲಿಲ್ಲ. ಒಳಗೆ ಹತ್ತಿ, ಹತ್ತಿಯ ಮೇಲೆ ಕಂದುಬಣ್ಣದ, ಮೈಯೆಲ್ಲ ತರಿತರಿಯಾದ ಕಲ್ಲು. ಮದುವೆ ಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುತ್ತಾ ಕುಳಿತವರಿಗೆ ಹೊತ್ತು ಹೋಗಬೇಡವೇ? ಡಬ್ಬಿ ತೆರೆಯುತ್ತದೆ. ಒಮ್ಮೆ ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದ ಹಿರಿಯರೊಬ್ಬರು ಅದನ್ನು ಭಕ್ತಿಯಿಂದ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, "ಗಂಡಕಿ ನದೀದೋ?" ಎಂದು ಕೇಳಿದರು. ಷಡ್ಡಕರು ಸತ್ಯಸಂಧರು. ಎಲ್ಲಿಯದೆಂದು ಹೇಳಿಯೇ ಬಿಟ್ಟರು. ಹಿರಿಯರು ಆಮೇಲೆ ಕೈ ತೊಳೆಯಲು ಹೋದವರು ಬಹಳ ಹೊತ್ತು ಬರಲೇ ಇಲ್ಲ.

ಇದು ನಮ್ಮವರೊಬ್ಬರ ಚಪಲವೆಂದು ನಗಬೇಡಿ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಗೊತ್ತಲ್ಲ, ದಿನಚರಿ ಬರೆದು ಹೆಸರಾದವನು? ಅವನಿಗೆ 1658ರ ಮಾರ್ಚ್ 26ರಂದು ಮೂತ್ರಕೋಶದ ಕಲ್ಲಿನ ಆಪರೇಷನ್ ಆಯಿತು. ಆಗ ಅವನ ವಯಸ್ಸು 25. ಅರಿವಳಿಕೆ ಬರಲು ಇನ್ನೂ ಇನ್ನೂರು ವರ್ಷ ಬಾಕಿ ಇದ್ದ ಕಾಲ ಅದು. ಕೈಕಾಲು ಕಟ್ಟಿ, ನಾಲ್ಕು ಜನ ಅದುಮಿ ಹಿಡಿದು, ಥಾಮಸ್ ಹಾಲಿಯರ್ ಎಂಬ ಶಸ್ತ್ರವೈದ್ಯ ಕೊಯ್ದು ತೆಗೆದ. ಹೊರಗೆ ಬಂದದ್ದು ಟೆನಿಸ್ ಚೆಂಡಿನಷ್ಟು ದೊಡ್ಡದು. ಆ ಕಾಲದ ಟೆನಿಸ್ ಚೆಂಡು ಈಗಿನದಕ್ಕಿಂತ ಸಣ್ಣದಾಗಿತ್ತು ಎಂದು ಸಮಾಧಾನ ಹೇಳುವವರಿದ್ದಾರೆ. ಆದರೂ ನೀವೇ ಯೋಚಿಸಿ, ಚೆಂಡು ಚೆಂಡೇ. ಪೀಪ್ಸ್ ಬದುಕಿದ. ಬದುಕಿದ್ದಕ್ಕೆ ವರ್ಷವರ್ಷ ಅದೇ ದಿನ ಸ್ನೇಹಿತರನ್ನು ಕರೆದು ಊಟ ಹಾಕಿಸುತ್ತಿದ್ದ. ಕಲ್ಲಿಗೆಂದು 25 ಷಿಲಿಂಗ್ ಕೊಟ್ಟು ಪೆಟ್ಟಿಗೆ ಮಾಡಿಸಿದ. 1669ರಲ್ಲಿ ಜಾನ್ ಎವೆಲಿನ್ ಎಂಬ ಸ್ನೇಹಿತನ ತಮ್ಮನಿಗೆ ಕಲ್ಲಿನ ಬಾಧೆಯಾಗಿ, ಕೊಯ್ಸಿಕೊಳ್ಳಲು ಹೆದರಿ ಕುಳಿತಾಗ, ಪೀಪ್ಸ್ ತನ್ನ ಕಲ್ಲನ್ನು ಎತ್ತಿಕೊಂಡು ಹೋಗಿ ತೋರಿಸಿ ಧೈರ್ಯ ಹೇಳಿ ಬಂದ. ಈ ಕಥೆಯನ್ನು ನಾನು ಷಡ್ಡಕರಿಗೆ ಹೇಳಿದ ಮೇಲೆ ಅವರು ತಮ್ಮ ಡಬ್ಬಿ ತೆರೆಯುವುದನ್ನು ಪರೋಪಕಾರದ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ.

ಹೀಗೆ ಕಲ್ಲಿನ ವಿಷಯದಲ್ಲಿ ನಮ್ಮ ಬಳಗದಲ್ಲಿ ಅವರದೇ ಏಕಸ್ವಾಮ್ಯ. ಅದಕ್ಕೆ ಪೈಪೋಟಿ ಹುಟ್ಟಿದ್ದು ಅವರ ಮನೆಯೊಳಗೇ, ಏಳು ವರ್ಷದ ಮೊಮ್ಮಗನಿಂದ.

ಹುಡುಗನಿಗೆ ಹೊಟ್ಟೆನೋವು. ಬೆಳಿಗ್ಗೆ ಸ್ಕೂಲಿನ ವ್ಯಾನು ಬರುವ ಹೊತ್ತಿಗೆ ಬರುವ ಹೊಟ್ಟೆನೋವಿಗೆ ನಮ್ಮ ದೇಶದಲ್ಲಿ ಯಾರಾದರೂ ಬೆಲೆ ಕೊಟ್ಟದ್ದುಂಟೇ? ಅವನ ಅಪ್ಪ ಗದರಿದ. ಅಮ್ಮ ಓಮದ ಕಷಾಯ ಕುಡಿಸಿದಳು. ಅಜ್ಜಿ, ಅಂದರೆ ನಮ್ಮ ಅತ್ತಿಗೆಯವರು, ದೃಷ್ಟಿ ತೆಗೆದರು. ದೊಡ್ಡವರಾದರೆ "ಬೆನ್ನಿನ ಈ ಪಕ್ಕದಿಂದ ಎದ್ದು, ಹೀಗೆ ಕೆಳಗಿಳಿದು, ಇಲ್ಲಿಗೆ ಬರುತ್ತೆ ನೋಡಿ" ಎಂದು ನೋವಿನ ಭೂಪಟ ಬರೆದು ಕೊಡುತ್ತಾರೆ. ಮಕ್ಕಳು ಹೊಕ್ಕುಳ ಸುತ್ತ ಕೈಯಾಡಿಸಿ "ಇಲ್ಲಿ" ಎನ್ನುತ್ತವೆ, ಅಷ್ಟೇ. ಕೊನೆಗೆ ಒಂದು ದಿನ ಬಚ್ಚಲಿನಿಂದ "ತಾತಾ, ಕೆಂಪಗೆ ಬರ್ತಿದೆ" ಎಂದು ಕೂಗಿದಾಗ ಮನೆಗೆ ಮನೆಯೇ ಎದ್ದು ಓಡಿತು. ಸ್ಕ್ಯಾನ್ ಮಾಡಿದರು. ಎಡಗಡೆ ಕಿಡ್ನಿಯಿಂದ ಮೂತ್ರನಾಳ ಹೊರಡುವ ಬಾಯಿಯಲ್ಲೇ 9 ಮಿಲಿಮೀಟರಿನ ಕಲ್ಲು ಕೂತಿತ್ತು.

"ಮಕ್ಕಳಿಗೂ ಕಲ್ಲೇ?" ಎಂದು ಬಂದವರೆಲ್ಲ ಕೇಳಿದರು. ನೀವೂ ಕೇಳುತ್ತಿದ್ದೀರಿ, ನನಗೆ ಗೊತ್ತು. ಕಲಿಗಾಲ, ಚಿಪ್ಸು, ಮೊಬೈಲು ಎಂದು ಒಬ್ಬೊಬ್ಬರು ಒಂದೊಂದರ ಮೇಲೆ ಹೊರಿಸಿದರು. ಚಿಪ್ಸಿನಲ್ಲಿ ಉಪ್ಪಿದೆ, ಅದಕ್ಕೊಂದು ಪಾಲು ಅಪವಾದ ಸಲ್ಲಲಿ. ಆದರೆ ಮಕ್ಕಳಿಗೆ ಕಲ್ಲು ಹೊಸದೆಂದವರು ಯಾರು? ಈಜಿಪ್ಟಿನ ಎಲ್ ಅಮ್ರಾ ಎಂಬಲ್ಲಿ 1901ರಲ್ಲಿ ಒಂದು ಹಳೆಯ ಸಮಾಧಿಯೊಳಗೆ ಕಲ್ಲು ಸಿಕ್ಕಿತು. ಜಗತ್ತಿನಲ್ಲಿ ತಿಳಿದಿರುವ ಅತಿ ಹಳೆಯ ಮೂತ್ರಕೋಶದ ಕಲ್ಲು ಅದೇ ಎನ್ನುತ್ತಾರೆ, ಆರು ಸಾವಿರಕ್ಕೂ ಮಿಕ್ಕಿದ ವರ್ಷಗಳದು. ಅದು ಯಾರ ಹೊಟ್ಟೆಯಲ್ಲಿತ್ತು? ಸುಮಾರು 16 ವರ್ಷದ ಒಬ್ಬ ಹುಡುಗನದರಲ್ಲಿ. ಅಷ್ಟು ಸಾವಿರ ವರ್ಷ ಮರಳಿನಡಿ ಸುರಕ್ಷಿತವಾಗಿದ್ದ ಕಲ್ಲನ್ನು ಲಂಡನ್ನಿಗೆ ಒಯ್ದು ಸರ್ಜನರ ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ಎರಡನೇ ಮಹಾಯುದ್ಧದಲ್ಲಿ ಅಲ್ಲಿಗೆ ಬಾಂಬು ಬಿದ್ದು ಕಲ್ಲು ಹೋಯಿತು. ಅಲ್ಲೇ ಬಿಟ್ಟಿದ್ದರೆ ಇರುತ್ತಿತ್ತು, ಪಾಪ. ತೋರಿಸುವ ಚಪಲ ಎಂದೆನಲ್ಲ!

ನಮ್ಮ ಸುಶ್ರುತ ಇನ್ನೂ ಸ್ವಾರಸ್ಯದ ಮಾತು ಹೇಳಿದ್ದಾನೆ. ಅಶ್ಮರಿ ನಾಲ್ಕು ಬಗೆ, ಅದರಲ್ಲಿ ಮೂರು ಬಗೆಯವು ಹೆಚ್ಚಾಗಿ ಮಕ್ಕಳಿಗೇ ಬರುವಂಥವು ಎಂದು ಅವನ ಲೆಕ್ಕ. ಮಕ್ಕಳ ಮೂತ್ರಕೋಶ ಚಿಕ್ಕದು, ಅದರ ಮೇಲೆ ಮಾಂಸ ಕಡಿಮೆ, ಹಾಗಾಗಿ ಕಲ್ಲನ್ನು ಹಿಡಿಯುವುದೂ ತೆಗೆಯುವುದೂ ಸುಲಭ ಎನ್ನುತ್ತಾನೆ. ಅವನು ಹೇಳುವ ವಿಧಾನ ಓದಿದರೆ ಮೈ ಜುಂ ಎನ್ನುತ್ತದೆ, ಇಲ್ಲಿ ಬೇಡ, ಕಾಫಿ ಕುಡಿಯುವ ಹೊತ್ತು. ಆದರೆ ಕತ್ತಿ ಎತ್ತುವ ಮೊದಲು ಅವನು ಕೊಡುವ ಎಚ್ಚರಿಕೆ ನೋಡಿ: ಮಾಡದಿದ್ದರೆ ಸಾವು ಖಂಡಿತ, ಮಾಡಿದರೆ ಉಳಿಯುವುದು ಅನುಮಾನ, ಆದ್ದರಿಂದ ಒಡೆಯನ ಅಪ್ಪಣೆ ಪಡೆದೇ ಕೈಹಾಕು. ಈಗಿನ ಆಸ್ಪತ್ರೆಯಲ್ಲಿ ನಾಲ್ಕು ಪುಟದ ಸಣ್ಣಕ್ಷರದ ಕಾಗದಕ್ಕೆ ಹುಡುಗನ ಅಪ್ಪ ನಡುಗುವ ಕೈಯಲ್ಲಿ ಸಹಿ ಹಾಕುತ್ತಿದ್ದಾಗ ನನಗೆ ನೆನಪಾದದ್ದು ಇದೇ. ಗ್ರೀಕರ ಹಿಪೊಕ್ರೆಟಿಸ್ ಹೆಸರಿನ ಪ್ರತಿಜ್ಞೆಯಲ್ಲಂತೂ ವೈದ್ಯನಾದವನು ಕಲ್ಲಿಗೆಂದು ಕೊಯ್ಯುವ ಗೋಜಿಗೇ ಹೋಗುವುದಿಲ್ಲ, ಅದನ್ನು ಆ ಕಸುಬಿನವರಿಗೆ ಬಿಡುತ್ತಾನೆ. ಜಾಣತನ. ಹೆಸರು ಕೆಟ್ಟರೆ ಕಸುಬಿನವನದು ಕೆಡಲಿ!

ಮಕ್ಕಳ ಕಲ್ಲಿಗೂ ಬಡತನಕ್ಕೂ ಹಳೆಯ ನಂಟು ಇನ್ನೊಂದಿದೆ. ಇಂಗ್ಲೆಂಡಿನ ನಾರ್ವಿಚ್ ಕಡೆ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಬಡವರ ಮಕ್ಕಳಿಗೆ ಮೂತ್ರಕೋಶದ ಕಲ್ಲು ಎಷ್ಟು ಸಾಮಾನ್ಯವಾಗಿತ್ತೆಂದರೆ, ಅಲ್ಲಿನ ಆಸ್ಪತ್ರೆ ಅದಕ್ಕೇ ಹೆಸರಾಗಿತ್ತು. ಉತ್ತರ ಭಾರತದಲ್ಲೂ ಅಷ್ಟೇ. ಕಾರಣ ಹುಡುಕಿದವರಲ್ಲಿ ಒಬ್ಬರು ನಮ್ಮ ನೆರೆಯಲ್ಲೇ, ನೀಲಗಿರಿಯ ಕೂನೂರಿನಲ್ಲಿ ಕೂತಿದ್ದ ರಾಬರ್ಟ್ ಮೆಕ್‌ಕ್ಯಾರಿಸನ್. 1920ರ ದಶಕದ ಕೊನೆಯಲ್ಲಿ ಆತ ಇಲಿಗಳಿಗೆ ಗೋಧಿಹಿಟ್ಟೇ ಹೆಚ್ಚಾದ ಆಹಾರ ತಿನ್ನಿಸಿದರು, ಇಲಿಗಳಿಗೆ ಕಲ್ಲು ಕಟ್ಟಿತು. ಜೊತೆಗೆ ಹಾಲು ಕೊಟ್ಟರು, ಕಟ್ಟಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿಯುವುದು ಗಾದೆ. ಈತ ಬೆಟ್ಟದ ಮೇಲೆ ಕೂತು ಇಲಿಯಲ್ಲಿ ಕಲ್ಲು ಹಿಡಿದ ಪುಣ್ಯಾತ್ಮ. ಊರುಗಳ ಮಕ್ಕಳ ತಟ್ಟೆಗೆ ಹಾಲು, ಬೇಳೆ, ಮೊಟ್ಟೆ ಬಂದಂತೆಲ್ಲ ಆ ಜಾತಿಯ ಕಲ್ಲು ತಾನಾಗಿಯೇ ಹಿಂದೆ ಸರಿಯಿತು. ಈಗಿನ ಮಕ್ಕಳದು ಹೆಚ್ಚಾಗಿ ಮೇಲಿನ ಕಲ್ಲು, ಕಿಡ್ನಿಯದು. ಮೂಲವೂ ಬೇರೆ.

ಎಲ್ಲಿದ್ದೆವು? ಹಾಂ, 9 ಮಿಲಿಮೀಟರ್. ಡಾಕ್ಟರು ಚಿಕ್ಕವಯಸ್ಸಿನವರು. ಷಡ್ಡಕರು ಒಳಗೆ ಹೋದವರೇ ಬನಿಯನ್ ಎತ್ತಿ, ಬೆನ್ನಿನಿಂದ ಹೊಟ್ಟೆಯವರೆಗೆ ಹರಿದಿದ್ದ ತಮ್ಮ ಹಳೆಯ ಗಾಯದ ಗುರುತು ತೋರಿಸಿದರು. "ನನಗೆ ಹೀಗೆ ಕೊಯ್ದಿದ್ರು, ಡಾಕ್ಟ್ರೇ. ಮಗೂಗೂ ಹೀಗೇನಾ?" ಡಬ್ಬಿಯೂ ಮೇಜಿನ ಮೇಲೆ ಬಂದೇಬಿಟ್ಟಿತ್ತು. ಡಾಕ್ಟರು ಡಬ್ಬಿಯನ್ನು ಮರ್ಯಾದೆಯಿಂದ ನೋಡಿ, "ಚೆನ್ನಾಗಿದೆ ಸಾರ್" ಎಂದರು. ಆಮೇಲೆ, "ಈಗ ಯಾರೂ ಹಾಗೆ ಕೊಯ್ಯೋದಿಲ್ಲ. ಮಗೂಗಂತೂ ಇಲ್ಲವೇ ಇಲ್ಲ" ಎಂದರು. ಷಡ್ಡಕರ ಮುಖದಲ್ಲಿ ನೆಮ್ಮದಿಯೂ ಒಂದಿಷ್ಟು ನಿರಾಸೆಯೂ ಒಟ್ಟಿಗೆ ಹಾದುಹೋದದ್ದನ್ನು ನಾನು ಕಂಡೆ.

ಕೊಯ್ಯದೆ ತೆಗೆಯುವ ಹಂಬಲವೇನು ನಿನ್ನೆ ಮೊನ್ನೆಯದೇ? ಲಖನೌದಲ್ಲಿ ಕ್ಲಾಡ್ ಮಾರ್ಟಿನ್ ಎಂಬ ಫ್ರೆಂಚ್ ಸಿಪಾಯಿಯಿದ್ದ. ಲಾ ಮಾರ್ಟಿನಿಯರ್ ಶಾಲೆಗಳು ಅವನ ದುಡ್ಡಿನಿಂದ ಎದ್ದವು. ಆತ 1782ರ ಸುಮಾರಿಗೆ ಉಕ್ಕಿನ ಕಡ್ಡಿಯ ತುದಿಯನ್ನು ಅರದಂತೆ ಮಾಡಿಕೊಂಡು, ಬರುವ ದಾರಿಯಲ್ಲೇ ಒಳಗೆ ತೂರಿಸಿ, ತನ್ನ ಕಲ್ಲನ್ನು ತಾನೇ ಉಜ್ಜಿ ಉಜ್ಜಿ ಪುಡಿ ಮಾಡಿ ಹೊರಗೆ ಕಳಿಸಿದ. ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ. ನೆನೆಸಿಕೊಂಡರೆ ಕಾಲು ತಾವಾಗಿಯೇ ಮಡಿಸಿಕೊಳ್ಳುತ್ತವೆ. ಪ್ಯಾರಿಸ್ಸಿನಲ್ಲಿ 1824ರಲ್ಲಿ ಸಿವಿಯಾಲ್ ಎಂಬ ವೈದ್ಯ ಅದೇ ದಾರಿಯಲ್ಲಿ ಉಪಕರಣ ಇಳಿಸಿ ಕಲ್ಲು ಒಡೆದ. 1878ರಲ್ಲಿ ಅಮೆರಿಕದ ಬಿಗೆಲೋ ಒಂದೇ ಸಲಕ್ಕೆ ಒಡೆದು ಚೂರನ್ನೆಲ್ಲ ಹೀರಿ ತೆಗೆಯುವ ಕ್ರಮ ಕಂಡುಹಿಡಿದ. ಆದರೆ ಇದೆಲ್ಲ ದೊಡ್ಡವರಿಗೆ. ಸಣ್ಣ ಹುಡುಗರ ಸಣ್ಣ ದಾರಿಯಲ್ಲಿ ಇದು ನಡೆಯದು, ಅವರನ್ನು ಕೊಯ್ಯುವುದೇ ಸರಿ ಎಂದು ಯೂರೋಪಿನ ಪಂಡಿತರು ತೀರ್ಪು ಕೊಟ್ಟಿದ್ದರು.

ಆ ತೀರ್ಪನ್ನು ತಿದ್ದಿದ್ದು ಎಲ್ಲಿ ಹೇಳಿ? ನಮ್ಮ ಇಂದೋರಿನಲ್ಲಿ. ಅಲ್ಲಿ ರೆಸಿಡೆನ್ಸಿ ಸರ್ಜನ್ ಆಗಿದ್ದ ಡಿ. ಎಫ್. ಕೀಗನ್ 1880ರ ದಶಕದಲ್ಲಿ ತೆಳ್ಳಗಿನ ಉಪಕರಣ ಹಿಡಿದು ಪುಟ್ಟ ಹುಡುಗರಲ್ಲೂ ಕಲ್ಲನ್ನು ಒಳಗೇ ಒಡೆದು ತೆಗೆದ, ಬರೆದು ಪ್ರಕಟಿಸಿದ, ಲಂಡನ್ನಿನವರ ಬಾಯಿ ಮುಚ್ಚಿಸಿದ. ಕತ್ತರಿಸಿಹೋದ ಮೂಗನ್ನು ಹಣೆಯ ಚರ್ಮದಿಂದ ಕಟ್ಟಿಕೊಡುವ ಭಾರತೀಯ ಪದ್ಧತಿಯ ಮೇಲೆ ಪುಸ್ತಕ ಬರೆದದ್ದೂ ಇದೇ ಕೀಗನ್. ಮೂಗಿನದು ಇನ್ನೊಂದು ದಿನಕ್ಕಿರಲಿ, ಈಗ ಹತ್ತಿದರೆ ಇಳಿಯುವುದು ಕಷ್ಟ. ಅದೇ ಕಾಲಕ್ಕೆ ಉತ್ತರದಲ್ಲಿದ್ದ ಫ್ರೇಯರ್ ಎಂಬ ಐರಿಷ್ ಡಾಕ್ಟರು ರಾಂಪುರದ ನವಾಬರ ಕಾಯಿಲೆ ವಾಸಿಮಾಡಿ ಲಕ್ಷ ರೂಪಾಯಿ ಪಡೆದು, ಅದಕ್ಕಾಗಿ ಸರ್ಕಾರದ ಜೊತೆ ಜಟಾಪಟಿಗೆ ಬಿದ್ದದ್ದೂ ಉಂಟು. ಇಂದೋರಿನ ಬಡ ಹುಡುಗರು ಕೀಗನ್‌ಗೆ ಏನು ಕೊಟ್ಟರೋ.

ನಮ್ಮ ಡಾಕ್ಟರು ಮೂರು ದಾರಿ ಇದೆ ಎಂದರು. ಒಂದು, ಹೊರಗಿನಿಂದ ಅಲೆಯಲ್ಲಿ ಹೊಡೆದು ಒಡೆಯುವುದು. ಎರಡು, ಬೆನ್ನಿನಲ್ಲಿ ಸಣ್ಣ ತೂತು. ಮೂರು, ಕೆಳಗಿನಿಂದ ದುರ್ಬೀನು. ಷಡ್ಡಕರು ಕೈಯೆತ್ತಿ, "ನಾಲ್ಕನೇದು ಬಾಳೆದಿಂಡು" ಎಂದರು. ಅತ್ತಿಗೆಯವರು "ಹುರುಳಿ ಕಟ್ಟು" ಎಂದು ಸೇರಿಸಿದರು. ಡಾಕ್ಟರು ನಕ್ಕು, "ಮೂರು ನಾಲ್ಕು ಮಿಲಿಮೀಟರಾಗಿದ್ರೆ ಬರೀ ನೀರು ಕುಡಿಸಿ ಕಾಯ್ತಿದ್ದೆ. ಆಗ ಬಾಳೆದಿಂಡಿಗೂ ಹೆಸರು ಬರ್ತಿತ್ತು, ನನಗೂ ಬರ್ತಿತ್ತು" ಎಂದರು. ತಾನಾಗಿ ಬೀಳುವ ಕಲ್ಲಿನ ಕೀರ್ತಿ ಯಾರ ಪಾಲಾಗುತ್ತದೆ ಎಂಬುದು ದೊಡ್ಡ ರಾಜಕೀಯ. 1739ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಜೊಆನಾ ಸ್ಟೀಫನ್ಸ್ ಎಂಬ ಹೆಂಗಸಿನ ಕಲ್ಲು ಕರಗಿಸುವ ಔಷಧದ ಗುಟ್ಟಿಗೆ 5000 ಪೌಂಡ್ ಕೊಡುವುದೆಂದು ಕಾನೂನನ್ನೇ ಮಾಡಿತು. ಗುಟ್ಟು ಬಿಚ್ಚಿದಾಗ ಒಳಗಿದ್ದದ್ದು ಸುಟ್ಟ ಮೊಟ್ಟೆಯ ಚಿಪ್ಪು, ಸುಟ್ಟ ಬಸವನಹುಳು, ಸಾಬೂನು, ಜೇನು, ಒಂದಿಷ್ಟು ಸೊಪ್ಪುಸದೆ. ನಮ್ಮ ಬಾಳೆದಿಂಡಿನ ಕೋಸಂಬರಿ ಅದಕ್ಕಿಂತ ಎಷ್ಟೋ ಮೇಲು, ಕಡೆಯ ಪಕ್ಷ ಊಟದ ಎಲೆಯ ಮೇಲೆ ಹಾಕಬಹುದು.

ಅಲೆಯ ಕಥೆ ಹೇಳಲೇಬೇಕು. ಅದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ವಿಮಾನದ ಕಾರ್ಖಾನೆಯಲ್ಲಿ. ಜರ್ಮನಿಯ ಡಾರ್ನಿಯರ್ ಕಂಪನಿಯವರು ಅತಿವೇಗದ ವಿಮಾನಕ್ಕೆ ಮಳೆಹನಿ ಬಡಿದರೆ ಏನಾಗುತ್ತದೆಂದು ಪರೀಕ್ಷೆ ಮಾಡುತ್ತಿದ್ದರು. 1966ರಲ್ಲಿ ಅಲ್ಲಿನ ಒಬ್ಬ ಇಂಜಿನಿಯರ್, ವೇಗದ ಗುಂಡು ಬಂದು ಬಡಿಯುವ ಕ್ಷಣಕ್ಕೆ ಸರಿಯಾಗಿ ಗುರಿಯ ಮೇಲೆ ಕೈ ಇಟ್ಟಿದ್ದ. ಕರೆಂಟು ಹೊಡೆದಂತಾಯಿತು. ಅಳೆದು ನೋಡಿದರೆ ಕರೆಂಟಿಲ್ಲ. ಬಡಿತದ ಅಲೆ ಲೋಹ ದಾಟಿ, ಅಂಗೈಗೆ ಒಂದು ಗೀರೂ ಮಾಡದೆ ಮೈಯೊಳಗೆ ಹೊಕ್ಕಿತ್ತು. ಹಾಗಾದರೆ ಇದನ್ನು ಒಂದೇ ಬಿಂದುವಿಗೆ ಕೂಡುವಂತೆ ಮಾಡಿದರೆ? ವಿಜಾಪುರದ ಗೋಳಗುಮ್ಮಟದಲ್ಲಿ ಗೋಡೆಗೆ ಪಿಸುಗುಟ್ಟಿದ್ದು ಎದುರು ಬದಿಯವನ ಕಿವಿಗೇ ಹೋಗುತ್ತದಲ್ಲ, ಲೆಕ್ಕ ಪೂರಾ ಅದೇ ಅಲ್ಲದಿದ್ದರೂ ಆ ಸಂತತಿಯದೇ ಈ ಯುಕ್ತಿ. ಮೊಟ್ಟೆಯಾಕಾರದ ಬಟ್ಟಲಿನ ಒಂದು ನಾಭಿಯಲ್ಲಿ ನೀರೊಳಗೆ ಕಿಡಿ ಹಾರಿಸಿದರೆ, ಅಲೆಯೆಲ್ಲ ಇನ್ನೊಂದು ನಾಭಿಯಲ್ಲಿ ಬಂದು ಕೂಡುತ್ತದೆ. ಅಲ್ಲಿ ಕಲ್ಲು ಇರುವಂತೆ ರೋಗಿಯನ್ನು ಮಲಗಿಸಬೇಕು, ಅಷ್ಟೇ. 1980ರ ಫೆಬ್ರವರಿ 7ರಂದು ಮ್ಯೂನಿಕ್ಕಿನಲ್ಲಿ ಕ್ರಿಸ್ಟಿಯನ್ ಷೌಸಿ ಮೊದಲ ರೋಗಿಯನ್ನು ನೀರಿನ ತೊಟ್ಟಿಗೆ ಇಳಿಸಿದರು. ಕೊಯ್ತವಿಲ್ಲ, ಹೊಲಿಗೆಯಿಲ್ಲ, ಕಲ್ಲು ಚೂರು.

ಮಕ್ಕಳನ್ನು ಆ ತೊಟ್ಟಿಗೆ ಇಳಿಸಲು ಇನ್ನೂ ಕೆಲವು ವರ್ಷ ಹಿಡಿಯಿತು. ಏಕೆಂದರೆ ಪುಟ್ಟ ಮೈಯಲ್ಲಿ ಕಿಡ್ನಿಗೂ ಶ್ವಾಸಕೋಶಕ್ಕೂ ಅಂತರ ಕಡಿಮೆ. ಗಾಳಿ ತುಂಬಿದ ಜಾಗಕ್ಕೆ ಅಲೆ ಬಡಿದರೆ ಅಲ್ಲಿ ಗಾಯ. ಅದಕ್ಕೆ ಕಂಡುಕೊಂಡ ಪರಿಹಾರ ಬಲು ಸರಳ: ಟಿ.ವಿ. ಪೆಟ್ಟಿಗೆಯೊಳಗೆ ಬರುತ್ತದಲ್ಲ, ಆ ಬಿಳಿ ಥರ್ಮಾಕೋಲು. ಅದನ್ನು ಎದೆಗೆ ಅಡ್ಡ ಕಟ್ಟಿದರು. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಕಾಸಿನ ಥರ್ಮಾಕೋಲಿನ ಕಡಿವಾಣ. ಈಗ ತೊಟ್ಟಿಯೂ ಹೋಗಿದೆ, ನೀರು ತುಂಬಿದ ದಿಂಬೊಂದನ್ನು ಬೆನ್ನಿಗೆ ಒತ್ತಿದರೆ ಸಾಕು. ಮಕ್ಕಳ ಮೂತ್ರನಾಳ ಗಿಡ್ಡ, ಹಿಗ್ಗುವ ಗುಣವೂ ಹೆಚ್ಚು, ಚೂರುಗಳು ದೊಡ್ಡವರಲ್ಲಿ ಸಿಕ್ಕಿಕೊಳ್ಳುವಷ್ಟು ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ. ದೊಡ್ಡವರು ಎಚ್ಚರದಲ್ಲೇ ಮಲಗಿ ಏಟು ತಿನ್ನಬಹುದು. ಸಾವಿರಕ್ಕೂ ಮೇಲ್ಪಟ್ಟು ಏಟು ಬೀಳುವಾಗ ಅಲ್ಲಾಡದೆ ಮಲಗು ಎಂದು ಏಳು ವರ್ಷದವನಿಗೆ ಹೇಳಿ ನೋಡಿ! ಅರಿವಳಿಕೆ ಬೇಕೇ ಬೇಕು.

ಬೆನ್ನಿನ ತೂತಿನದು ಇನ್ನೊಂದು ಸೊಗಸು. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಜೊಹಾನ್ಸನ್ ಶುರುಮಾಡಿದ ವಿದ್ಯೆ ಇದು. ಬೆನ್ನಿನಿಂದ ಕಿಡ್ನಿಗೆ ನೇರ ಸುರಂಗ. ದೊಡ್ಡವರಿಗೆ ಆ ಸುರಂಗದ ಅಗಲ 8ರಿಂದ 10 ಮಿಲಿಮೀಟರ್. ಮುಷ್ಟಿಗಿಂತ ಸಣ್ಣದಾದ ಮಗುವಿನ ಕಿಡ್ನಿಯಲ್ಲಿ ಅಷ್ಟು ತೂತು ತೆಗೆದರೆ ಉಳಿಯುವುದೇನು? ಅದಕ್ಕೇ 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಮಕ್ಕಳಿಗೆಂದೇ 4 ಮಿಲಿಮೀಟರಿಗೂ ಕಡಿಮೆ ಅಗಲದ 'ಮಿನಿ ಪರ್ಕ್' ಮಾಡಿದರು. ಆಮೇಲೆ ನಡೆದದ್ದು ಕೇಳಿ. ಅಣ್ಣನ ಅಂಗಿ ತಮ್ಮನಿಗೆ ಬರುವುದು ಲೋಕರೂಢಿ. ಇಲ್ಲಿ ತಮ್ಮನ ಅಂಗಿಯನ್ನು ಅಣ್ಣಂದಿರೆಲ್ಲ ಎಳೆದುಕೊಂಡು ತೊಟ್ಟರು. ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಹೋಗಬಹುದು ಎಂದು ದೊಡ್ಡವರಿಗೂ ಅದೇ ಬೇಕಾಯಿತು. 2011ರಲ್ಲಿ ಗುಜರಾತಿನ ನಡಿಯಾದ್‌ನ ಮುಲ್ಜಿಭಾಯಿ ಪಟೇಲ್ ಆಸ್ಪತ್ರೆಯ ಮಹೇಶ್ ದೇಸಾಯಿ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಸುಮಾರು 1.6 ಮಿಲಿಮೀಟರಿನ ಸೂಜಿಯೊಳಗೇ ಕಣ್ಣನ್ನೂ ಲೇಸರನ್ನೂ ಹೊಂದಿಸಿದ 'ಮೈಕ್ರೋ ಪರ್ಕ್' ವರದಿ ಪ್ರಕಟಿಸಿದರು. ನಡಿಯಾದ್ ಎಂದರೆ ಸರ್ದಾರ್ ಪಟೇಲರು ಹುಟ್ಟಿದ ಊರು. ಈ ಊರಿನವರಿಗೆ ಗಟ್ಟಿಯಾದದ್ದನ್ನು ದಾರಿಗೆ ತರುವುದು ಮೊದಲಿನಿಂದಲೂ ರೂಢಿ ಅನ್ನಿ.

ಕೆಳಗಿನ ದಾರಿಯ ಇತಿಹಾಸವೂ ಮಗುವಿನಿಂದಲೇ ಶುರು. ಮೂತ್ರನಾಳದೊಳಗೆ ಮೊದಲ ಬಾರಿ ದುರ್ಬೀನು ಹೊಕ್ಕಿದ್ದು 1912ರಲ್ಲಿ, ಅಮೆರಿಕದ ಹ್ಯೂ ಹ್ಯಾಂಪ್ಟನ್ ಯಂಗ್ ಕೈಯಲ್ಲಿ, ಎರಡು ತಿಂಗಳ ಕೂಸಿನಲ್ಲಿ. ಮೂತ್ರಕೋಶ ನೋಡಲು ಹೋದವರು. ಕೂಸಿನ ದಾರಿಯಲ್ಲಿ ಹುಟ್ಟಿನಿಂದಲೇ ಅಡ್ಡಿಯಿದ್ದು ನಾಳಗಳು ಹಿಗ್ಗಿದ್ದರಿಂದ ದುರ್ಬೀನು ತಾನಾಗಿ ಕಿಡ್ನಿಯವರೆಗೆ ಹೋಗಿಬಿಟ್ಟಿತು. ಬಾಗಿಲು ತೆರೆದಿತ್ತು, ಒಳಗೆ ಹೋದೆ ಎಂದಹಾಗೆ.

ನಮ್ಮ ಹುಡುಗನ ಬಾಗಿಲು ಮಾತ್ರ ತೆರೆದಿರಲಿಲ್ಲ. ಡಾಕ್ಟರು ಮೂರನೆಯ ದಾರಿ ಆರಿಸಿಕೊಂಡರು. ಮೊದಲ ಸಲ ಹೋದಾಗ ನಾಳ ಬಿಗಿ, ದುರ್ಬೀನು ಹತ್ತಲಿಲ್ಲ. ಬಲವಂತ ಮಾಡದೆ ಸ್ಟೆಂಟ್ ಎಂಬ ಮೆತ್ತನೆಯ ಕೊಳವೆ ಇಟ್ಟು ಹೊರಬಂದರು. ಎರಡು ವಾರದಲ್ಲಿ ನಾಳ ತಾನೇ ಸಡಿಲಾಯಿತು, ಎರಡನೆಯ ಸಲ ಲೇಸರಿನಲ್ಲಿ ಕಲ್ಲು ಮುಗಿಸಿದರು. ಮತ್ತೆ ಸ್ಟೆಂಟ್. ಅದನ್ನು ತೆಗೆಯಲು ಮೂರನೆಯ ಸಲ. ಗಾಯದ ಗುರುತಿಲ್ಲ, ಒಪ್ಪಿದೆ. ಆದರೆ ಕೊಯ್ತವಿಲ್ಲದ ಚಿಕಿತ್ಸೆ ಎಂದರೆ ಒಂದು ಬೆಳಗಿನ ಕೆಲಸವೆಂದು ನಂಬಿ ಬಂದವರಿಗೆ ಮೂರು ಸಲ ಉಪವಾಸ, ಮೂರು ಸಲ ಮಂಪರು, ಮೂರು ಸಲ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ "ಅಮ್ಮಾ" ಎಂಬ ಕೂಗು. ಇದನ್ನು ಮೊದಲೇ ಬಿಡಿಸಿ ಹೇಳುವ ಡಾಕ್ಟರು ಸಿಕ್ಕರೆ ಪುಣ್ಯ. ನಮ್ಮವರು ಹೇಳಿದ್ದರು. ಕೇಳಿಸಿಕೊಂಡವರು ನಾವಲ್ಲ, ನಮ್ಮ ಗಮನವೆಲ್ಲ ಬಾಳೆದಿಂಡಿನ ಮೇಲಿತ್ತು.

ಮೊದಲ ಸ್ಟೆಂಟಿನ ಆ ಎರಡು ವಾರ ಹುಡುಗ ಹತ್ತು ನಿಮಿಷಕ್ಕೊಮ್ಮೆ ಬಚ್ಚಲಿಗೆ ಓಡುತ್ತಿದ್ದ. ಸ್ಕೂಲಿನಲ್ಲಿ ರಜೆ ಕೊಟ್ಟರು. ಅವನಿಗಿಂತ ಸಂತೋಷ ಇನ್ಯಾರಿಗೆ?

ಲೇಸರ್ ಆದ ದಿನ ಸಂಜೆ ಮಂಪರು ಇಳಿಯಿತು. ಹುಡುಗ ಕಣ್ಣು ಬಿಟ್ಟು ಮೊದಲು ಕೇಳಿದ ಮಾತು, "ಎಲ್ಲಿ, ನನ್ ಕಲ್ಲು ತೋರ್ಸಿ." ತಾತನ ಮೊಮ್ಮಗ! ಸ್ಕೂಲಿಗೆ ಒಯ್ಯಲು ಬಳಪದ ಡಬ್ಬಿ ಖಾಲಿ ಮಾಡಿ ಇಟ್ಟಿದ್ದನಂತೆ. ಡಾಕ್ಟರಿಗೆ ಪೇಚಾಟ. ಈಗಿನ ಲೇಸರು ಕಲ್ಲನ್ನು ಧೂಳು ಮಾಡಿಬಿಡುತ್ತದೆ, ಧೂಳು ನೀರಿನ ಜೊತೆ ಹರಿದುಹೋಗುತ್ತದೆ. ತಂತಿಯ ಬುಟ್ಟಿಯಲ್ಲಿ ಹಿಡಿದು ತಂದ ಒಂದೇ ಒಂದು ಚೂರು ಇತ್ತು, ಅದು ಯಾವ ಜಾತಿಯ ಕಲ್ಲೆಂದು ತಿಳಿಯಲು ಲ್ಯಾಬಿಗೆ ಹೋಗಿತ್ತು. "ಪುಡಿಯಾಗಿ ಹೋಯ್ತು ಪುಟ್ಟಾ" ಎಂದರು. ಹುಡುಗ ಅಳಲು ಶುರುಮಾಡಿದ. ಸೂಜಿ ಚುಚ್ಚಿದಾಗಲೂ ಅತ್ತಿರದಿದ್ದವನು! ಷಡ್ಡಕರು ಅಂದು ಮಾಡಿದ ತ್ಯಾಗ ನಾನು ನೋಡಿದ್ದೇನೆ. ನಶ್ಯದ ಡಬ್ಬಿ ತೆಗೆದು ಮೊಮ್ಮಗನ ದಿಂಬಿನ ಪಕ್ಕ ಇಟ್ಟು, "ತಗೋ, ಇದನ್ನೇ ನಿನ್ನದು ಅಂತ ತೋರ್ಸು" ಎಂದರು. ಹುಡುಗ ತೆರೆದು ನೋಡಿ, "ಇದು ಹಳೇದು" ಎಂದು ವಾಪಸು ಕೊಟ್ಟ.

ಕಲ್ಲು ಹೋಯಿತು ಎಂದರೆ ಮುಗಿಯಿತೇ? ದೊಡ್ಡವರಲ್ಲಾದರೆ ಹಾಗೆಂದುಕೊಂಡು ಮರೆಯುತ್ತಾರೆ. ಮಕ್ಕಳಲ್ಲಿ ಏಕೆ ಬಂತೆಂದು ಹುಡುಕಲೇಬೇಕು, ಏಕೆಂದರೆ ಮುಂದೆ ಬಾಳು ಉದ್ದ ಇದೆ, ಕಲ್ಲು ಮತ್ತೆ ಬರಲು ಸಮಯವೂ ಬೇಕಾದಷ್ಟಿದೆ. ಕೆಲವರ ಮೂತ್ರದಲ್ಲಿ ಸುಣ್ಣ ಹೆಚ್ಚು ಹೋಗುತ್ತದೆ, ಕೆಲವರಲ್ಲಿ ಸಿಟ್ರೇಟ್ ಕಡಿಮೆ, ಅಪರೂಪಕ್ಕೆ ವಂಶದಿಂದ ಬಂದ ದೋಷ. ಅದಕ್ಕೊಂದು ಪರೀಕ್ಷೆ: 24 ಗಂಟೆಯ ಮೂತ್ರ, ಒಂದು ಹನಿಯೂ ಬಿಡದೆ ಕ್ಯಾನಿನಲ್ಲಿ ಹಿಡಿಯಬೇಕು.

ಇಷ್ಟು ಹೊತ್ತು ಹೇಳಿದ ಲೇಸರು, ಸೂಜಿ, ಸುರಂಗ ಎಲ್ಲವೂ ಸುಲಭ ಸ್ವಾಮಿ, ಈ ಕ್ಯಾನಿನ ಮುಂದೆ. ಕ್ಯಾನು ಬಂತು. ಎಲ್ಲಿಡುವುದು? ತಣ್ಣಗಿರಬೇಕು ಎಂದಿದ್ದರು. ಫ್ರಿಜ್ಜೆಂಬ ಮಾತು ಸೊಸೆಯ ಬಾಯಿಂದ ಪೂರಾ ಹೊರಬರುವ ಮೊದಲೇ ಅತ್ತಿಗೆಯವರು ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರು. ಕೊನೆಗೆ ಹಿತ್ತಲ ಬಚ್ಚಲಲ್ಲಿ ಐಸಿನ ಬಕೆಟ್ಟಿನೊಳಗೆ ಪ್ರತಿಷ್ಠಾಪನೆಯಾಯಿತು. ಭಾನುವಾರ ಬೆಳಗಿನಿಂದ ಮನೆಯವರೆಲ್ಲ ಹುಡುಗನ ಹಿಂದೆ. ಸಂಜೆಯವರೆಗೆ ಎಲ್ಲ ಸರಿಯಿತ್ತು. ಸಂಜೆ ಆಟಕ್ಕೆ ಹೋದವನು ಅಭ್ಯಾಸಬಲದಿಂದ ಎದುರು ಮನೆಯ ತೆಂಗಿನಮರಕ್ಕೆ ದಾನ ಮಾಡಿ ಬಂದ. ಲೆಕ್ಕ ತಪ್ಪಿತು. ಮುಂದಿನ ಭಾನುವಾರ ಮತ್ತೆ ಮೊದಲಿನಿಂದ. ಅವತ್ತು ಬೀಗರು ಬಂದರು. ಬಂದವರಲ್ಲೊಬ್ಬರು ಹಿತ್ತಲಿಗೆ ಕಾಲು ತೊಳೆಯಲು ಹೋಗಿ, ಐಸಿನಲ್ಲಿಟ್ಟ ಕ್ಯಾನು ನೋಡಿ, ಹೊರಬಂದು ಷಡ್ಡಕರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ, "ಏನ್ರೀ, ಶುರು ಮಾಡಿದ್ದೀರಾ?" ಎಂದು ವಿಚಾರಿಸಿದರು.

ವರದಿಯಲ್ಲಿ ಎರಡು ಸಂಗತಿ ಬಂತು. ಸಿಟ್ರೇಟ್ ಕಡಿಮೆ. ಇನ್ನೊಂದು, ಮೂತ್ರವೇ ಕಡಿಮೆ. ಅಂದರೆ ಹುಡುಗ ನೀರೇ ಕುಡಿಯುತ್ತಿಲ್ಲ. ಬಾಟಲಿ ಬೆಳಿಗ್ಗೆ ತುಂಬಿ ಹೋಗಿ ಸಂಜೆ ತುಂಬಿಯೇ ಬರುತ್ತಿತ್ತಂತೆ. ಏಕೋ ಎಂದರೆ, "ಕುಡಿದ್ರೆ ಸುಸ್ಸು ಬರುತ್ತೆ." ಬಂದರೇನು? "ಅಲ್ಲಿ ಟಾಯ್ಲೆಟ್ಟು ಗಲೀಜು." ನೋಡಿ, ಎಲ್ಲಿಂದೆಲ್ಲಿಗೆ ಬಂತು! ಕೇರಳದ ಶಾಲೆಗಳಲ್ಲಿ 2019ರಲ್ಲಿ ಮಕ್ಕಳು ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ತಂದರು, ನಮ್ಮಲ್ಲೂ ಅದರ ಮಾತು ಬಂತು. ಒಳ್ಳೆಯದೇ. ಆದರೆ ನೀರು ಕುಡಿಯಲು ಒಂದು ಗಂಟೆ ಬಾರಿಸಿದರೆ ಸಾಲದು, ಬಕೆಟ್ಟು ಪೊರಕೆ ಹಿಡಿದು ಬರುವವರಿಗೂ ಒಂದು ಬಾರಿಸಬೇಕು. ಕೋಟಿಯ ಲೇಸರು ತಂದಿಟ್ಟುಕೊಂಡ ನಾಡಿನಲ್ಲಿ ಶಾಲೆಯ ಬಚ್ಚಲಿಗೆ ಬೀಗವೋ ನಾತವೋ ಎರಡರಲ್ಲೊಂದು ಇದ್ದರೆ, ಹುಡುಗರು ತಡೆದುಕೊಳ್ಳದೆ ಇನ್ನೇನು ಮಾಡಿಯಾರು?

ಸಿಟ್ರೇಟಿಗೆ ಡಾಕ್ಟರು ಒಂದು ಸಿರಪ್ಪು ಬರೆದು, ನಿಂಬೆಹಣ್ಣಿನ ರಸವನ್ನೂ ಕೊಡಿ ಎಂದರು. ಹಾಲು ಮೊಸರು ಬಿಡಿಸಬೇಡಿ, ಉಪ್ಪು ಕಡಿಮೆ ಮಾಡಿ ಎಂದೂ ಹೇಳಿದರು. ಇಷ್ಟಕ್ಕೆ ಮನೆಯಲ್ಲಿ ಎರಡು ಪಕ್ಷವಾಗಿದೆ. ಷರಬತ್ತಿಗೆ ಸಕ್ಕರೆ ಹಾಕಿದರೆ ಹಲ್ಲು ಹುಳುಕು ಎಂದು ಸೊಸೆ ಉಪ್ಪು ಹಾಕಲು ಹೋದಳು. ಉಪ್ಪು ಬೇಡ ಎಂದಿದ್ದಾರಲ್ಲ ಎಂದು ಮಗ ತಡೆದ. ಹಾಗಾದರೆ ಬೆಲ್ಲದ ಪಾನಕ ಮಾಡೋಣ, ಏಲಕ್ಕಿ ಹಾಕಿ, ಎಂದು ಅತ್ತಿಗೆಯವರು. ಪಾನಕವೆಂದ ಮೇಲೆ ಕೋಸಂಬರಿ ಬೇಡವೇ, ಬಾಳೆದಿಂಡಿನದೇ ಆಗಲಿ ಎಂದು ಷಡ್ಡಕರು. ಈ ಗಲಾಟೆಯಲ್ಲಿ ನಿಂಬೆಹಣ್ಣು ಹಿಂಡಿದವರು ಯಾರೂ ಇಲ್ಲ. ಮೊನ್ನೆ ನಾನು ಹೋದಾಗ ಹುಡುಗ ಸಿಪ್ಪೆಸಮೇತ ಒಂದು ಹೋಳನ್ನು ಕಚ್ಚಿ, ಒಂದು ಕಣ್ಣು ಮುಚ್ಚಿಕೊಂಡು, "ತಾತಾ, ನಿಮಗೂ ಬೇಕಾ?" ಎಂದ.